ನಾನು ಕದ್ದ ಅಮಾವಾಸ್ಯೆ

ನಮ್ಮ ಮನೆತನದಲ್ಲಿ ಹನಿಮೂನಿಗೆ ಹೋದ ಮೊದಲ ಗಂಡ ಹೆಂಡತಿ ಎಂದರೆ ನನ್ನ ತಮ್ಮ ಮತ್ತು ಅವನ ಹೆಂಡತಿ. ಹನಿಮೂನಿಗೆ ಹೋದ ಮೊದಲ ಬೋಳುತಲೆಯ ವಿಧವೆ ಎಂದರೆ ನಾನು. ಮೂವರೂ ಒಂದೇ ರೈಲಿನಲ್ಲಿ ಹೋದೆವು, ಒಂದೇ ಹೋಟೆಲಿನಲ್ಲಿ ಇಳಿದೆವು, ಒಂದೇ ರೈಲಿನಲ್ಲಿ ತಿರುಗಿ ಬಂದೆವು. ದೊರೆಗಳ ದೇಶದಲ್ಲಿ ಇಂಥ ಹನಿಮೂನು ನಡೆಯುತ್ತದೋ ಇಲ್ಲವೋ ನನಗೆ ತಿಳಿಯದು. ಬಳ್ಳಾರಿಯವರಾದ ನಮ್ಮದೊಂದು ನಡೆಯಿತು, ಅದನ್ನು ಕೆಡಿಸಿದವಳು ನಾನು. ಈ ಮಾತನ್ನು ಬಾಯಿಬಿಟ್ಟು ಹೇಳಿ ನೋಡಿದೆ, ಕೇಳಬೇಕಾದವನು ನಂಬಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಓದಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾನು ಸಾಲೆಯ ಮೆಟ್ಟಿಲು ಹತ್ತಿದವಳಲ್ಲ. ಒಂಬತ್ತನೆಯ ವರ್ಷಕ್ಕೆ ಮದುವೆಯಾಯಿತು, ಹನ್ನೊಂದಕ್ಕೆ ಗಂಡ ತೀರಿಕೊಂಡ. ಅವನ ಮುಖ ನೆನಪಿಲ್ಲ, ಕಿವಿಯಲ್ಲಿದ್ದ ಒಂಟಿ ಮಾತ್ರ ನೆನಪಿದೆ. ಮನೆಗೆ ತಿರುಗಿ ಬಂದು ಮೂಲೆಯಲ್ಲಿ ಕೂತ ಹುಡುಗಿಯನ್ನು ಏನು ಮಾಡಬೇಕೆಂದು ತಿಳಿಯದೆ ಅಪ್ಪ ನಾಲ್ಕು ಅಕ್ಷರ ಕಲಿಸಿ, ಪಂಚಾಂಗ ನೋಡುವುದನ್ನು ಹೇಳಿಕೊಟ್ಟರು. ಅಪ್ಪ ಹೋದ ಮೇಲೆ ನಮ್ಮ ಓಣಿಯ ಏಕಾದಶಿ, ಶ್ರಾದ್ಧ, ಹುಣ್ಣಿಮೆ, ಅಮಾವಾಸ್ಯೆಗಳೆಲ್ಲ ನನ್ನ ಕೈಗೆ ಬಂದವು. ಮದುವೆ ಮನೆಯವರ ಎದುರಿಗೆ ನಾನು ಸುಳಿಯುವಂತಿರಲಿಲ್ಲ. ಆದರೆ ಮದುವೆಗೆ ಒಳ್ಳೆಯ ದಿನ ಯಾವುದೆಂದು ಕೇಳಲು ಅವರೇ ನಮ್ಮ ಹಿತ್ತಲ ಬಾಗಿಲಿಗೆ ಬರುತ್ತಿದ್ದರು. ಹಿತ್ತಲಿಗೆ ಬರುವುದಕ್ಕೆ ಶಾಸ್ತ್ರದ ಅಡ್ಡಿಯಿಲ್ಲ.

ತಮ್ಮ ನನಗಿಂತ ಆರು ವರ್ಷ ಚಿಕ್ಕವನು. ಮೆಟ್ರಿಕ್ ಪಾಸು ಮಾಡಿ ಬಳ್ಳಾರಿಯ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಅವನ ಮದುವೆ ಕುರುಗೋಡಿನ ಹುಡುಗಿಯೊಂದಿಗೆ ಎಂದೋ ಆಗಿತ್ತು. ಆದರೆ ಅವರ ಮನೆಯಲ್ಲೊಂದು ಸಾವು, ನಮ್ಮ ಮನೆಯಲ್ಲೊಂದು ಸಾವು, ಹೀಗೆ ಸೂತಕಗಳು ಸರದಿ ಹಿಡಿದು ಬಂದದ್ದರಿಂದ ಅವಳು ಗಂಡನ ಮನೆಗೆ ಬರುವ ಹೊತ್ತಿಗೆ ಹತ್ತೊಂಬತ್ತು ತುಂಬಿತ್ತು. ಇಷ್ಟು ಬೆಳೆದ ಸೊಸೆ ಮನೆ ತುಂಬುವುದನ್ನು ಓಣಿಯ ಜನ ಅದೇ ಮೊದಲ ಸಲ ನೋಡಿದ್ದು. ಬಿಟ್ಟಿ ನೋಡಿ ಹೋದರು.

ಆ ವರ್ಷವೇ ತಮ್ಮನ ಮೇಲಿನ ದೊರೆ ಮದುವೆಯಾಗಿ, ಹೆಂಡತಿಯನ್ನು ಕರೆದುಕೊಂಡು ಮದ್ರಾಸಿನ ಸಮುದ್ರದ ದಂಡೆಗೆ ಹೋಗಿ, ಒಂದು ತಿಂಗಳಿದ್ದು, ಬೇಯಿಸಿದ ಬೀಟ್‌ರೂಟಿನ ಬಣ್ಣದಲ್ಲಿ ತಿರುಗಿ ಬಂದ. ಇದಕ್ಕೆ ಹನಿಮೂನು ಎನ್ನುತ್ತಾರೆಂದೂ, ಸುಧಾರಿಸಿದ ಜನ ಎಲ್ಲರೂ ಮಾಡುತ್ತಾರೆಂದೂ ತಮ್ಮನಿಗೆ ತಿಳಿಯಿತು. ತಮ್ಮ ಸುಧಾರಿಸಬೇಕೆಂದು ನಿಶ್ಚಯಿಸಿದ. ದೊರೆಯೇ ಒಂದು ಹೋಟೆಲಿಗೆ ಚೀಟಿ ಬರೆದುಕೊಟ್ಟ, ಐದು ದಿನ ರಜೆಯನ್ನೂ ಕೊಟ್ಟ.

ಅವ್ವನಿಗೆ ಹೇಳಿದ ದಿನ ನಾನು ಅಡುಗೆಮನೆಯಲ್ಲಿದ್ದೆ.

"ಇಬ್ರೇ ಹೋಗ್ತೀರೇನು? ಅಡಗಿ ಯಾರು ಮಾಡ್ತಾರ?" ಎಂದಳು ಅವ್ವ.

"ಹೋಟ್ಲಾಗ ಮಾಡ್ತಾರವ್ವ."

"ಹೋಟ್ಲಾಗ ಯಾರು ಮಾಡ್ತಾರ?"

"ಬಟ್ಲರ್ ಮಾಡ್ತಾನ."

"ಅವನ ಗೋತ್ರ ಯಾವುದು?"

ತಮ್ಮನ ಇಂಗ್ಲಿಷು ಅಲ್ಲಿಗೆ ಮುಗಿಯಿತು. ಅವ್ವನೇ ಹೇಳಿದಳು, "ಅಕ್ಕನ್ನ ಕರ್ಕೊಂಡು ಹೋಗು."

"ಹನಿಮೂನಿಗೆ ಅಕ್ಕನ್ನ ಯಾರು ಕರ್ಕೊಂಡು ಹೋಗ್ತಾರವ್ವಾ?"

"ಊಟ ಮಾಡೋರು ಕರ್ಕೊಂಡು ಹೋಗ್ತಾರ."

ಹೀಗೆ ನಾನು ಹನಿಮೂನಿಗೆ ಹೊರಟೆ. ಎರಡು ಹಿತ್ತಾಳೆ ಪಾತ್ರೆ, ಅಕ್ಕಿ, ಬೇಳೆ, ಹುಣಸೆಹಣ್ಣು, ಒಣಗಿಸಿದ ಮಡಿ ಸೀರೆ, ಪಂಚಾಂಗ. ಯಾರ ಮುಂದೂ ಹೇಳಲಿಲ್ಲ, ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನೂ ಗುಂತಕಲ್ಲಿನ ಆಚೆ ಹೋದವಳಲ್ಲ.

ಹೊರಡುವ ಮುಂಚೆ ತಮ್ಮನ ಹೆಂಡತಿ ನನ್ನ ಹತ್ತಿರ ಬಂದು, ಮಡಿಗೆ ತಾಗದಷ್ಟು ದೂರದಲ್ಲಿ ನಿಂತು ಕೇಳಿದಳು, "ಅಕ್ಕಾರ, ಸಮುದ್ರಕ್ಕ ಆ ಕಡಿ ದಂಡಿನೇ ಕಾಣೂದಿಲ್ಲಂತಲ್ರಿ, ಖರೇ ಏನ್ರಿ?"

"ಅಂತಾರವಾ. ನಾನೇನು ನೋಡೀನಿ?"

"ಕುರುಗೋಡಾಗ ನಮಗ ಬಂಡಿಗಲ್ಲು ಬಿಟ್ರ ಏನೂ ಇಲ್ರಿ. ಗುಡ್ಡದ ಸಂದ್ಯಾಗ ಒಂದು ಹೊಂಡ, ಅದರಾಗ ಕಾಲು ತೊಳ್ಕೊಂಡ್ರೂ ನಮ್ಮಜ್ಜಿ ಬೈತಿದ್ಲು. ಸಮುದ್ರ ಬರೇ ನೋಡಿ ಬರಾಕ ನಾ ಒಲ್ಲೆ. ಒಳಗ ಇಳೀಬೇಕ್ರಿ. ಕುತ್ತಿಗಿ ಮಟ."

ಅಲ್ಲೊಂದು ತೊಡಕಿತ್ತು. ಅರಳೀಮರವನ್ನು ಶನಿವಾರ ಬಿಟ್ಟು ಬೇರೆ ದಿನ ಮುಟ್ಟಬಾರದು, ಹಾಗೆಯೇ ಸಮುದ್ರವನ್ನು ಹುಣ್ಣಿಮೆ, ಅಮಾವಾಸ್ಯೆಯಂಥ ಪರ್ವದಿನ ಬಿಟ್ಟು ಮುಟ್ಟಬಾರದು, ದೂರದಿಂದ ಕೈಮುಗಿದು ಬರಬೇಕು. ನಮ್ಮಲ್ಲಿ ಹಾಲುಗಲ್ಲದ ಮಕ್ಕಳಿಗೂ ಗೊತ್ತಿರುವ ಮಾತು ಇದು. ಸುಧಾರಿಸಿದ ತಮ್ಮನಿಗೂ ಗೊತ್ತಿತ್ತು. ಅವನೇ ನನ್ನನ್ನು ಕೇಳಿದ, ನಾನೇ ಪಂಚಾಂಗ ತೆಗೆದು ದಿನ ಹೊಂದಿಸಿದೆ. ಬಹುಳ ಏಕಾದಶಿಯ ಬೆಳಿಗ್ಗೆ ಮದ್ರಾಸು ಮುಟ್ಟುವುದು, ಐದನೆಯ ದಿನ ಅಮಾವಾಸ್ಯೆ, ಅಂದು ಬೆಳಿಗ್ಗೆ ಗಂಡ ಹೆಂಡತಿ ಸೆರಗಿಗೆ ಸೆರಗು ಗಂಟು ಹಾಕಿಕೊಂಡು ಸಮುದ್ರ ಸ್ನಾನ ಮಾಡುವುದು, ಮಧ್ಯಾಹ್ನದ ರೈಲಿಗೆ ಹೊರಡುವುದು. ದೊರೆಗಳ ಹನಿಮೂನೂ ಆಯಿತು, ನಮ್ಮ ದಂಪತಿಸ್ನಾನವೂ ಆಯಿತು. ಇಷ್ಟು ಚೆನ್ನಾಗಿ ಹೊಂದಿಸಿದ್ದಕ್ಕೆ ನನಗೇ ಹೆಮ್ಮೆಯಾಗಿತ್ತು.

ಏಕಾದಶಿಯ ದಿನ ಹನಿಮೂನು ಆರಂಭಿಸಿದವರು ಭೂಮಿಯ ಮೇಲೆ ನಾವೇ ಇರಬೇಕು. ಮೊದಲ ದಿನ ಮೂವರಿಗೂ ಉಪವಾಸ.

ಹೋಟೆಲು ಒಂದು ಕಾಲಕ್ಕೆ ಭಾರಿ ಹೆಸರಿನದಂತೆ. ಹಡಗಿನಿಂದ ಇಳಿದ ದೊರೆಗಳು ಮೊದಲು ಅಲ್ಲಿಗೇ ಬರುತ್ತಿದ್ದರಂತೆ. ಈಗ ಹಡಗುಗಳು ಬೇರೆ ಕಡೆ ನಿಲ್ಲುತ್ತಿದ್ದವು. ದೊರೆಗಳು ಬೇರೆ ಕಡೆ ಮಲಗುತ್ತಿದ್ದರು. ಗೋಡೆಯ ಗಾರೆ ಚಕ್ಕೆ ಚಕ್ಕೆಯಾಗಿ ಬಿದ್ದು ಒಳಗಿನ ಇಟ್ಟಿಗೆ ಕಾಣುತ್ತಿತ್ತು. ಹಸಿರು ಕಿಟಕಿಗಳಲ್ಲಿ ನಾಲ್ಕು ಪಟ್ಟಿಗೆ ಒಂದು ಪಟ್ಟಿ ಉಳಿದಿತ್ತು. ಉಪ್ಪುಗಾಳಿಗೆ ಕಬ್ಬಿಣದ ಸರಳುಗಳು ಹಪ್ಪಳದಂತೆ ಪದರು ಬಿಟ್ಟಿದ್ದವು. ಆಳೆತ್ತರದ ಕನ್ನಡಿಯಲ್ಲಿ ಮುಖ ನೋಡಿಕೊಂಡರೆ ಹೊಗೆಯಲ್ಲಿ ನಿಂತಂತೆ ಕಾಣುತ್ತಿತ್ತು. ನನಗೆ ಹೇಗೂ ಕನ್ನಡಿಯ ಕೆಲಸವಿರಲಿಲ್ಲ. ದೊರೆಗಳು ಕೋಲು ಹಿಡಿದು ಚೆಂಡಾಡುವ ದೊಡ್ಡ ಮೇಜಿನ ಮೇಲೆ ಒಂದು ಕೋಳಿ ಕಾವು ಕೂತಿತ್ತು.

ಹೋಟೆಲಿನ ಯಜಮಾನಿ ಒಬ್ಬ ಮುದುಕಿ ದೊರೆಸಾನಿ. ಚೀಟಿ ಓದಿ, ನಮ್ಮ ಮೂವರನ್ನೂ ಒಬ್ಬೊಬ್ಬರಾಗಿ ನೋಡಿ, ನನ್ನ ತಲೆಯ ಮೇಲಿನ ಕೆಂಪು ಸೆರಗನ್ನು ನೋಡಿ, ತಮ್ಮನಿಗೆ ಇಂಗ್ಲಿಷಿನಲ್ಲಿ ಏನೋ ಕೇಳಿದಳು. ತಮ್ಮ ಕಿವಿಯವರೆಗೆ ಕೆಂಪಾದ. ಅದೇನೆಂದು ಇವತ್ತಿನವರೆಗೂ ಕನ್ನಡದಲ್ಲಿ ಹೇಳಿಲ್ಲ.

ನಮಗೆ ಹಿಂದುಗಡೆಯ ಎರಡು ಕೋಣೆ ಕೊಟ್ಟರು. ಒಂದರಲ್ಲಿ ಅವರಿಬ್ಬರು, ಒಂದರಲ್ಲಿ ನಾನು ಮತ್ತು ಒಲೆ. ನಡುವೆ ಒಂದು ಜಗಲಿ, ಜಗಲಿಯ ಎದುರಿಗೆ ಮರಳು, ಮರಳಿನಾಚೆ ಸಮುದ್ರ. ಬಟ್ಲರ್ ತೆಲುಗಿನವನು. ಬಳ್ಳಾರಿಯವರಿಗೆ ತೆಲುಗು ಬಾರದೇ ಇರುತ್ತದೆಯೇ, ಅವನಿಗೂ ನನಗೂ ಮೊದಲ ದಿನವೇ ಜಗಳ ಹತ್ತಿತು. ಅವನು ಬೆಳಿಗ್ಗೆ ತಟ್ಟೆಯಲ್ಲಿ ಚಹಾ ಮತ್ತು ಮೊಟ್ಟೆ ತಂದಿಟ್ಟ. ನಾನು ಅವನು ನಿಂತ ಜಾಗಕ್ಕೆ ನೀರು ಚಿಮುಕಿಸಿದೆ. ಅವನು ಒಂದು ಹೆಜ್ಜೆ ಹಿಂದೆ ಸರಿದ, ನಾನು ಅಲ್ಲಿಗೂ ಚಿಮುಕಿಸಿದೆ. ಹೀಗೆ ಅವನನ್ನು ನೀರು ಚಿಮುಕಿಸುತ್ತಲೇ ಅಡುಗೆಮನೆಯವರೆಗೆ ಬಿಟ್ಟುಬಂದೆ.

ತಮ್ಮನ ಹೆಂಡತಿ ಮೊದಲ ಸಲ ಸಮುದ್ರ ನೋಡಿದಾಗ ಕೈಯಲ್ಲಿದ್ದ ಗಂಟು ಇಳಿಸುವುದನ್ನೂ ಮರೆತಳು. ಆಮೇಲೆ, "ಇದು ನಿಲ್ಲೂದಿಲ್ಲೇನ್ರಿ ಒಂದು ಗಳಿಗಿನಾದ್ರೂ?" ಎಂದಳು. ದಿನವಿಡೀ ಜಗಲಿಯ ಕಂಬ ಹಿಡಿದು ನಿಲ್ಲುತ್ತಿದ್ದಳು. ಸಂಜೆ ತಮ್ಮ ಕೋಟು, ರುಮಾಲು ಹಾಕಿಕೊಂಡು ಅವಳನ್ನು ಮರಳಿನ ಮೇಲೆ ಅಡ್ಡಾಡಲು ಕರೆದೊಯ್ಯುತ್ತಿದ್ದ. ದೊರೆಗಳಂತೆ ಕೈಯೊಳಗೆ ಕೈ ಹಾಕಿಕೊಂಡು ನಡೆಯಬೇಕೆಂದು ಅವನ ಆಸೆ. ಅವನು ಕೈ ಚಾಚಿದ ಕೂಡಲೇ ಅವಳು ಇಪ್ಪತ್ತು ಹೆಜ್ಜೆ ಓಡಿಹೋಗಿ ನಿಲ್ಲುತ್ತಿದ್ದಳು. ಅವನು ಕೈ ಚಾಚಿಕೊಂಡೇ ಹಿಂದೆ ನಡೆಯುತ್ತಿದ್ದ. ಅಲೆ ಬಂದರೆ ಇಬ್ಬರೂ ಶಾಸ್ತ್ರಕ್ಕೆ ಹೆದರಿ ಹಿಂದಕ್ಕೆ ಹಾರುತ್ತಿದ್ದರು, ಮುಟ್ಟಿದರೆ ಮುನಿಯುವ ಮಡಿ ಹೆಂಗಸು ಎದುರಿಗೆ ಬಂದಂತೆ. ನಾನು ಜಗಲಿಯ ಮೇಲೆ ಸೊಪ್ಪು ಸೋಸುತ್ತ ನೋಡುತ್ತಿದ್ದೆ. ಅವಳ ನಗು ಗಾಳಿಯಲ್ಲಿ ನನ್ನವರೆಗೂ ಬರುತ್ತಿತ್ತು. ಮೂರನೆಯ ದಿನದ ಹೊತ್ತಿಗೆ ಅವಳು ಓಡುತ್ತಿದ್ದದ್ದು ಇಪ್ಪತ್ತು ಹೆಜ್ಜೆ ಹೋಗಿ ಎರಡೇ ಹೆಜ್ಜೆಗೆ ಇಳಿದಿತ್ತು. ಅಂದು ನಾನು ಮಾಡಿದ ಸಾರಿಗೆ ಉಪ್ಪು ಹೆಚ್ಚಾಗಿತ್ತು. ಯಾರೂ ಗಮನಿಸಲಿಲ್ಲ, ಅದೂ ನನಗೆ ಸಿಟ್ಟು ತಂದಿತು.

ಆ ಮೂರನೆಯ ದಿನವೇ, ಊಟಕ್ಕೆ ಕೂತಾಗ, ಅಮಾವಾಸ್ಯೆಯ ಸ್ನಾನದ ಮಾತು ಬಂತು.

"ಅಕ್ಕಾರೂ ನಮ್ಮ ಕೂಡ ಬರ್ಲಿ. ನನಗ ಹೆದ್ರಿಕಿ ಆದ್ರ ಹಿಡ್ಕೊಳ್ಳಾಕ ಬೇಕಲ್ರಿ," ಎಂದಳು ಅವಳು.

ತಮ್ಮ ಅನ್ನ ಕಲೆಸುತ್ತಿದ್ದವನು ಕೈ ನಿಲ್ಲಿಸಿದ. ನನ್ನ ಮುಖ ನೋಡಲಿಲ್ಲ. "ಅಕ್ಕ, ನೀನು ತಪ್ಪು ತಿಳ್ಕೋಬ್ಯಾಡ. ನಾವು ಹೊಸದಾಗಿ ಸಂಸಾರ ಹೂಡೋರು. ಆ ಹೊತ್ತಿಗೆ ನೀನು ಎದುರಿಗೆ ಬರೂದು ಬ್ಯಾಡ. ಒಳಗೇ ಇದ್ದುಬಿಡು," ಎಂದ.

ನೋಡಿ, ಈ ತಮ್ಮನೇ ರೈಲಿನಲ್ಲಿ ಶಕುನ ನೋಡುವವರನ್ನು ಗೇಲಿ ಮಾಡಿದ್ದ. ಬೆಕ್ಕು ಅಡ್ಡ ಬಂದರೆ ಬೆಕ್ಕಿಗೆ ಕೆಲಸವಿದೆ ಎಂದು ಅರ್ಥ ಎಂದಿದ್ದ. ದೊರೆಗಳ ಹಾಗೆ ನಡೆಯಲು ಹೊರಟವನು, ಕೋಟು ತೊಟ್ಟವನು, ಇಷ್ಟು ದೂರ ಬಂದು ಎಲ್ಲವನ್ನೂ ಬಿಟ್ಟಿದ್ದ, ಇದೊಂದನ್ನು ಗಂಟು ಕಟ್ಟಿಕೊಂಡು ಬಂದಿದ್ದ. ನನ್ನ ಕೈಯ ಅನ್ನ ಉಣ್ಣಲು ಅಡ್ಡಿಯಿರಲಿಲ್ಲ. ನನ್ನ ಮುಖ ಮಾತ್ರ ಬೇಡವಾಗಿತ್ತು.

ನಾನು, "ಆಗ್ಲಿ ಬಿಡಪ್ಪ," ಎಂದು ಇನ್ನೊಂದು ಸೌಟು ಸಾರು ಹಾಕಿದೆ.

ಅವನು ನನ್ನನ್ನು ನೋಯಿಸಿದ, ಆದ್ದರಿಂದ ನಾನು ಹಾಗೆ ಮಾಡಿದೆ ಎಂದು ಬರೆದು ಕೈತೊಳೆದುಕೊಳ್ಳಬಹುದು. ಬಹಳ ವರ್ಷ ನನ್ನೊಳಗೆ ಹಾಗೆಯೇ ಹೇಳಿಕೊಂಡೆ. ಆದರೆ ನೋಯಿಸಿದವನು ಅವನು, ನಾನು ಕಸಿದುಕೊಂಡದ್ದು ಅವಳದು. ನನ್ನನ್ನು ಜೊತೆಗೆ ಕರೆದ ಒಬ್ಬಳೇ ಒಬ್ಬಳದು. ಅವಳ ನಗು ಜಗಲಿಯವರೆಗೆ ಬರುತ್ತಿತ್ತೆಂಬುದೇ ನಿಜವಾದ ಕಾರಣ.

ಮರುದಿನ ಚತುರ್ದಶಿ. ಬೆಳಿಗ್ಗೆ ನಾನು ಪಂಚಾಂಗ ಬಿಚ್ಚಿ, ಹಣೆ ಗಂಟು ಹಾಕಿ, ಬೆರಳು ಮಡಿಚಿ ಮಡಿಚಿ ಎಣಿಸಿದೆ. ತಮ್ಮ ಕೇಳುವವರೆಗೂ ಎಣಿಸುತ್ತಲೇ ಇದ್ದೆ.

"ಏನಾತಕ್ಕ?"

"ತಪ್ಪಾಗೈತೋ. ತ್ರಯೋದಶಿ ವೃದ್ಧಿ ಐತಿ, ಎರಡು ದಿನ ಬರ್ತೈತಿ. ಇವತ್ತೂ ತ್ರಯೋದಶಿನೇ. ನಾಳಿ ಚತುರ್ದಶಿ. ಅಮಾಸಿ ನಾಡಿದ್ದು."

"ನಾಡಿದ್ದು ನಾವು ರೈಲ್ನಾಗ ಇರ್ತೀವಲ್ಲ! ಬಳ್ಳಾರ್ಯಾಗ ನೀನೇ ನೋಡಿ ಹೇಳಿದ್ದಿ."

"ಬಳ್ಳಾರಿ ಲೆಕ್ಕ ಬಳ್ಳಾರಿಗೆ ಸರಿ. ತಿಥಿ ನೋಡೂದು ಸೂರ್ಯ ಹುಟ್ಟೋ ಹೊತ್ತಿಗೆ. ಇಲ್ಲಿ ಸೂರ್ಯ ನಮ್ಮೂರಿಗಿಂತ ಮೊದಲು ಹುಟ್ತಾನೋ ಇಲ್ಲೋ, ನೀನೇ ಹೇಳು. ಓದಿದಂವ."

ತಮ್ಮ ಸ್ವಲ್ಪ ಯೋಚಿಸಿದ. ಅವನ ಮುಖದಲ್ಲಿ ಮೆಟ್ರಿಕ್ಕಿನ ಭೂಗೋಳ ಬೆಳಗಿತು. "ಹೌದು. ಮದ್ರಾಸು ಪೂರ್ವಕ್ಕೈತಿ. ಇಲ್ಲಿ ಮೊದಲು ಹುಟ್ತಾನ," ಎಂದ. ಆಮೇಲೆ ಹೆಂಡತಿಗೆ ಒಂದು ನಿಂಬೆಹಣ್ಣು ಹಿಡಿದು, ಭೂಮಿ ಹೇಗೆ ತಿರುಗುತ್ತದೆಂದು ಅರ್ಧ ಗಂಟೆ ವಿವರಿಸಿದ. ನನ್ನ ಸುಳ್ಳಿಗೆ ಸರ್ಕಾರಿ ವಿದ್ಯೆ ಹೀಗೆ ಜಾಮೀನು ನಿಂತಿತು.

ಅವಳು ನಿಂಬೆಹಣ್ಣು ನೋಡಲಿಲ್ಲ. "ಇನ್ನೊಂದು ದಿನ ಇದ್ರ ಆಗೂದಿಲ್ಲೇನ್ರಿ?" ಎಂದಳು.

"ರಜಾ ಇಲ್ಲ. ದೊರಿ ಮಾತು ಅಂದ್ರ ಮಾತು."

"ಬರೇ ಕಾಲು ಇಟ್ಟು ಬರ್ತೀನ್ರಿ. ಒಂದೇ ಒಂದು ಕಾಲು."

ತಮ್ಮ ನನ್ನ ಕಡೆ ನೋಡಿದ. ಆ ಗಳಿಗೆಯಲ್ಲಿ ನಾನು ಹೂಂ ಎಂದಿದ್ದರೆ ಸಾಕಿತ್ತು. ಪಂಚಾಂಗವನ್ನು ಮುಚ್ಚಿ ಕಣ್ಣಿಗೆ ಒತ್ತಿಕೊಂಡು, "ಪರ್ವಕಾಲ ಇಲ್ದ ಸಮುದ್ರ ಮುಟ್ಟಬಾರದವಾ. ಹೊಸದಾಗಿ ಸಂಸಾರ ಹೂಡೋರು ನೀವು," ಎಂದೆ. ತಮ್ಮನ ಮಾತನ್ನೇ ತಮ್ಮನಿಗೆ ಬಡಿಸಿದೆ. ಅವನಿಗೆ ರುಚಿ ಗೊತ್ತಾಗಲಿಲ್ಲ.

ಐದನೆಯ ದಿನ, ನಿಜವಾದ ಅಮಾವಾಸ್ಯೆಯಂದು, ಅವರು ಏಳುವ ಮುಂಚೆ ನಾನು ಹಿಂದಿನ ಬಾಗಿಲಿನಿಂದ ಹೋಗಿ ಸಮುದ್ರ ಸ್ನಾನ ಮಾಡಿ ಬಂದೆ. ಒಬ್ಬಳೇ. ಅವರ ದಿನವನ್ನು ಅವರಿಂದ ಬಚ್ಚಿಟ್ಟು, ಅದೇ ದಿನದ ಪುಣ್ಯವನ್ನು ನಾನು ಕಟ್ಟಿಕೊಂಡೆ. ಕದ್ದ ಅಕ್ಕಿಯಲ್ಲಿ ನೈವೇದ್ಯ ಮಾಡುವವರ ಕಥೆ ಕೇಳಿದ್ದೇನೆ, ನಾನು ಅವರಿಗಿಂತ ಮೇಲು, ದೇವರಿಗೂ ಕೊಡಲಿಲ್ಲ. ಬಂದು ಸೀರೆ ಹಿಂಡಿ ಹಾಕಿ, ಒಲೆ ಹಚ್ಚಿ ಕೂತೆ. ತಮ್ಮ ಎದ್ದು ಬಂದು ಕೇಳಿದಾಗ, ಎಂದಿನಂತೆ ಬಾವಿಯಲ್ಲಿ ಸ್ನಾನವಾಯಿತು ಎಂದೆ.

ಹೊತ್ತೇರಿದಂತೆ ದಂಡೆಯ ಮೇಲೆ ಜನ ಸೇರಿದರು. ಗಂಡಸರು, ಹೆಂಗಸರು, ಕೂಸುಗಳು, ಮುದುಕರು, ಎಲ್ಲರೂ ಒದ್ದೆಬಟ್ಟೆಯಲ್ಲಿ. ತರ್ಪಣ ಕೊಡುವವರ ಸಾಲು ಎಷ್ಟು ಉದ್ದವಿತ್ತೆಂದರೆ ಕಡೆ ಕಾಣಲಿಲ್ಲ. ಇಂಥ ದಿನ ಇದು ಯಾವ ತಿಥಿ ಎಂದು ಕುರುಡನೂ ಹೇಳಬಹುದಿತ್ತು.

"ಅಕ್ಕ, ಇವರೆಲ್ಲ ಇವತ್ತೇ ಮಾಡಾಕತ್ತಾರಲ್ಲ?" ಎಂದ ತಮ್ಮ.

"ಅವರು ತಮಿಳರಪ್ಪ. ಅವರದು ಸೌರಮಾನ, ನಮ್ಮದು ಚಾಂದ್ರಮಾನ. ಅವರ ಲೆಕ್ಕ ಬ್ಯಾರೆ, ನಮ್ಮ ಲೆಕ್ಕ ಬ್ಯಾರೆ," ಎಂದೆ.

ತಮ್ಮ ತಲೆ ಆಡಿಸಿದ. ಅವರು ತಿಂಗಳು ಎಣಿಸುವ ಬಗೆ ಬೇರೆ, ನಿಜ. ಆದರೆ ಅಮಾವಾಸ್ಯೆಗೆ ಮಾಯವಾಗುವ ಚಂದ್ರ ಎಲ್ಲರಿಗೂ ಒಬ್ಬನೇ. ನಿಂಬೆಹಣ್ಣು ತಿರುಗಿಸಿದವನಿಗೆ ಅದು ಹೊಳೆಯಲಿಲ್ಲ. ಕುರುಗೋಡಿನ ಅಕ್ಷರ ಬಾರದ ಹುಡುಗಿಗೆ ಹೊಳೆಯಿತು.

"ಚಂದ್ರ ಒಂದೇ ಅಲ್ಲೇನ್ರಿ ಅಕ್ಕಾರ?" ಎಂದಳು.

"ಹೆಣ್ಮಕ್ಕಳು ಶಾಸ್ತ್ರದಾಗ ಬಾಯಿ ಹಾಕಬಾರದು," ಎಂದು ತಮ್ಮ ಅವಳ ಬಾಯಿ ಮುಚ್ಚಿಸಿದ. ಶಾಸ್ತ್ರ ಹೇಳಿದ ನಾನೂ ಹೆಣ್ಣುಮಗಳೇ ಎಂಬುದು ಅವನಿಗೆ ಮರೆತುಹೋಗಿತ್ತು. ತಲೆ ಬೋಳಿಸಿದವರನ್ನು ಆ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅವಳು ನನ್ನನ್ನು ಇನ್ನೊಂದು ಗಳಿಗೆ ನೋಡಿದಳು. ಆಮೇಲೆ ಕಂಬ ಹಿಡಿದು ದಂಡೆಯ ಜನರನ್ನು ನೋಡುತ್ತ ನಿಂತಳು, ಗಾಡಿ ಬರುವವರೆಗೂ.

ಬಳ್ಳಾರಿಗೆ ಬಂದ ಎರಡು ತಿಂಗಳಿಗೆ ಅವಳು ಬಸುರಿಯಾದಳು. ಬಸುರಿಯ ಗಂಡ ಸಮುದ್ರಕ್ಕೆ ಇಳಿಯಬಾರದೆಂಬುದು ಇನ್ನೊಂದು ಶಾಸ್ತ್ರ. ಆಮೇಲೆ ಕೂಸು ಸಣ್ಣದು, ಆಮೇಲೆ ಅವ್ವನಿಗೆ ಕಾಯಿಲೆ, ಆಮೇಲೆ ಎರಡನೆಯ ಕೂಸು. ತಮ್ಮನಿಗೆ ಸಿರುಗುಪ್ಪಕ್ಕೆ ವರ್ಗವಾಯಿತು. ಕೋಟು ಪೆಟ್ಟಿಗೆ ಸೇರಿತು. ಹೊಟ್ಟೆ ಬಂತು. ಹನಿಮೂನಿನಲ್ಲಿ ಕೈ ಚಾಚಿಕೊಂಡು ನಡೆದವನು ಈಗ ಸಂಜೆ ಕಟ್ಟೆಯ ಮೇಲೆ ಕೂತು ಬಂದವರಿಗೆ ಹನಿಮೂನಿನ ಕಥೆ ಹೇಳುತ್ತಿದ್ದ.

ನನಗೆ ಬಿದ್ದ ಶಿಕ್ಷೆ ಆ ಕಥೆಯೇ. ಹೋಟೆಲು ಕಥೆಯಲ್ಲಿ ಪ್ರತಿ ವರ್ಷ ಒಂದು ಮಹಡಿ ಬೆಳೆಯುತ್ತಿತ್ತು. ಕೋಳಿ ಕಾವು ಕೂತ ಮೇಜಿನ ಸುತ್ತ ಜಡ್ಜಿಗಳೂ ಕರ್ನಲ್‌ಗಳೂ ಬಂದು ನಿಂತರು. ಕೊನೆಗೆ ಎಂದಿಗೂ ಒಂದೇ ಮಾತು. "ಸಮುದ್ರ ಮೊಳದ ಅಂತರದಾಗ ಇತ್ತು ನೋಡ್ರಿ. ಆದ್ರ ತಿಥಿ ಕೂಡಿ ಬರ್ಲಿಲ್ಲ, ನಮ್ಮಕ್ಕ ಮುಟ್ಟಗೊಡ್ಲಿಲ್ಲ. ಅಂಥ ನಿಷ್ಠಿ ಈಗ ಎಲ್ಲೈತ್ರಿ?" ಕೇಳಿದವರು ನನ್ನ ಕಡೆ ಕೈಮುಗಿಯುತ್ತಿದ್ದರು. ಸಿರುಗುಪ್ಪದಲ್ಲಿ ನನ್ನ ನಿಷ್ಠೆ ಎಷ್ಟು ಪ್ರಸಿದ್ಧವಾಯಿತೆಂದರೆ ದೇಶನೂರಿನಿಂದ, ಹಚ್ಚೊಳ್ಳಿಯಿಂದ ಬಂಡಿ ಕಟ್ಟಿಕೊಂಡು ತಿಥಿ ಕೇಳಲು ಬರುತ್ತಿದ್ದರು. ನಾನು ಹೇಳುತ್ತಿದ್ದೆ. ಅವರೆಲ್ಲರಿಗೂ ಸರಿಯಾಗಿಯೇ ಹೇಳಿದ್ದೇನೆ.

ಕಥೆ ಆ ಮಾತಿಗೆ ಬರುವ ಹೊತ್ತಿಗೆ ತಮ್ಮನ ಹೆಂಡತಿ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು. ಪ್ರತಿ ಸಲವೂ.

ಹೋದ ತಿಂಗಳು ಅವಳ ಅಣ್ಣ ಕುರುಗೋಡಿನಿಂದ ಬಂದಿದ್ದ. ಮೂರನೆಯ ಬಸುರು, ತವರಿಗೆ ಕರೆದೊಯ್ಯಲು. ಊಟವಾದ ಮೇಲೆ ಎಲೆಅಡಿಕೆ ಹಾಕಿಕೊಳ್ಳುತ್ತ ತಮ್ಮ ಕಥೆ ತೆಗೆದ. ಅಂದು ಕಥೆಗೆ ಒಂದು ಹೊಸ ಬಾಲ ಸೇರಿಸಿದ. "ಈಕಿಗೇನು ಸಮುದ್ರದ ಆಸಿನೇ ಇರ್ಲಿಲ್ಲ ಬಿಡ್ರಿ. ದಂಡಿಮ್ಯಾಲೆ ನಿಂತು ಹೆದರ್ತಿದ್ಲು. ತಿಥಿ ಇದ್ರೂ ಇಳೀತಿರ್ಲಿಲ್ಲ."

ಅವಳು ಆಗಲೇ ಅರ್ಧ ಎದ್ದಿದ್ದಳು. ಹಾಗೆಯೇ ನಿಂತಳು.

ನನ್ನ ಬಾಯಿ ತಾನೇ ತೆರೆಯಿತು. ಒಳಬಾಗಿಲ ಹೊಸ್ತಿಲ ಮೇಲೆ ನಿಂತು, "ಸುಳ್ಳು. ಆಕಿಗೆ ಆಸಿ ಇತ್ತು. ತಿಥಿನೂ ಇತ್ತು. ನಾವು ರೈಲು ಹತ್ತಿದ ದಿನಾನೇ ಅಮಾಸಿ. ನಾನು ಬೇಕಂತ ತಪ್ಪು ಹೇಳಿದೆ. ಮತ್ತ ನಾನೊಬ್ಬಾಕಿನೇ ಹೋಗಿ ಸ್ನಾನ ಮಾಡಿ ಬಂದೆ," ಎಂದೆ.

ತಮ್ಮ ಬಾಯಲ್ಲಿದ್ದ ಎಲೆ ಅಗಿಯುವುದನ್ನು ನಿಲ್ಲಿಸಿದ. ಆಮೇಲೆ ನಕ್ಕ. "ನೋಡ್ರಿ ಭಾವಾ, ಇದೇ ನಮ್ಮಕ್ಕನ ದೊಡ್ಡಗುಣ. ಈಕಿಗೆ ಬೇಜಾರಾದೀತು ಅಂತ ತಪ್ಪೆಲ್ಲಾ ತನ್ನ ಮ್ಯಾಲೆ ಹಾಕ್ಕೊಳ್ಳಾಕತ್ಯಾಳ."

"ಇಲ್ಲೋ, ಖರೇ ಹೇಳಾಕತ್ತೀನಿ."

"ಆತು ಬಿಡಕ್ಕ. ಮದ್ರಾಸು ಪೂರ್ವಕ್ಕೈತಿ, ಅದನ್ನ ನಾನೇ ತಾಳೆ ನೋಡೀನಿ. ಅದು ಸುಳ್ಳಾಗ್ತೈತೇನು?"

ಅಣ್ಣನಾದವನು ನನಗೆ ಕೈಮುಗಿದು, "ಇಂಥವರು ಮನ್ಯಾಗ ಇರಬೇಕ್ರಿ," ಎಂದ. ಆಮೇಲೆ, ಮಾತಿಗೆ ಮಾತು ಎಂಬಂತೆ, "ಅಷ್ಟಿದ್ರ ಈಗ ಒಮ್ಮೆ ಕರ್ಕೊಂಡು ಹೋಗಿ ಬರ್ರಲ್ಲ ಭಾವಾ," ಎಂದ.

"ಈಗ ಹೆಂಗ್ರಿ? ಆಕಿ ಬಸುರಿ. ನಾನು ಸಮುದ್ರಕ್ಕ ಇಳಿಯೋ ಹಂಗಿಲ್ಲ. ಬೇಕಾದ್ರ ನಮ್ಮಕ್ಕನ್ನೇ ಕೇಳ್ರಿ."

ಕೇಳಿದರು. ಹೌದೆಂದೆ. ಅದು ನಿಜವಾದ ಶಾಸ್ತ್ರ, ಏನು ಮಾಡಲಿ. ಹದಿನೈದು ವರ್ಷ ಶಾಸ್ತ್ರ ಹೇಳಿದ ಬಾಯಿ, ಬೇಕಾದಾಗ ಇಲ್ಲ ಎನ್ನಲು ಅದಕ್ಕೆ ಬರಲಿಲ್ಲ.

ಅಡುಗೆಮನೆಗೆ ಹೋದೆ. ಅವಳು ದಾರಿಗೆಂದು ರೊಟ್ಟಿಯ ಹಿಟ್ಟು ನಾದುತ್ತಿದ್ದಳು. ಹೊಸ್ತಿಲ ಬಳಿ ನಿಂತೆ.

"ನನಗ ಅವತ್ತೇ ಗೊತ್ತಿತ್ರಿ ಅಕ್ಕಾರ," ಎಂದಳು, ತಲೆ ಎತ್ತದೆ. "ನೀವು ಒಣಾಕಿದ್ದ ಸೀರಿ ಮ್ಯಾಲೆ ಬೆಳ್ಳಗ ಉಪ್ಪಿನ ಗೆರಿ ಎದ್ದಿದ್ದವು. ಬಾವಿ ನೀರಿಗೆ ಎಲ್ಲಿಂದ ಉಪ್ಪು ಬರ್ತೈತ್ರಿ? ಅವರು ನೋಡ್ಯಾರು ಅಂತ ನಾನೇ ಬಾವಿಗೆ ಒಯ್ದು ಜಾಲಿಸಿ ಹಾಕಿದೆ. ಗಾಡಿ ಬರೋ ಹೊತ್ತಿಗೆ ಅರ್ಧ ಒಣಗಿತ್ತು."

ನನಗೆ ಮೊದಲು ಬಂದ ವಿಚಾರ ಯಾವುದೆಂದು ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ. ನನ್ನ ಮಡಿ ಸೀರೆಯನ್ನು ಇವಳು ಮುಟ್ಟಿದಳೇ ಎಂದುಕೊಂಡೆ. ಆ ಸೀರೆಯುಟ್ಟು ಎಷ್ಟು ದಿನ ದೇವರ ಅಡುಗೆ ಮಾಡಿದೆನೋ ಎಂದು ಲೆಕ್ಕಕ್ಕೂ ಇಳಿದೆ. ಮನುಷ್ಯರು ಹೀಗಿರುತ್ತಾರೆಂದಲ್ಲ, ನಾನು ಹೀಗಿದ್ದೇನೆ.

ಆಮೇಲೆ ಕೇಳಿದೆ, "ಮತ್ತ ಯಾಕ ಹೇಳ್ಲಿಲ್ಲ ನೀನು?"

"ಹೇಳಿದ್ರ ಅವರು ಸಿಟ್ಟಿಲೆ ನಿಮ್ಮನ್ನ ಮನಿ ಬಿಡಿಸ್ತಿದ್ರು. ನೀವೆಲ್ಲಿ ಹೋಗ್ತಿದ್ರಿ?"

ಹಿಟ್ಟು ಹದಕ್ಕೆ ಬಂದಿತ್ತು. ಅವಳು ನಾದುವುದನ್ನು ನಿಲ್ಲಿಸಲಿಲ್ಲ. ನನ್ನನ್ನು ಬಯ್ಯಬೇಕಾದ ಬಾಯಿಯಿಂದ, "ಒಳಗ ಇಳಿದಾಗ ಹೆಂಗ ಆತ್ರಿ ಅಕ್ಕಾರ?" ಎಂದು ಕೇಳಿದಳು.

ಏನೂ ಆಗಲಿಲ್ಲ, ಬರೀ ಉಪ್ಪುನೀರು ಎಂದು ಹೇಳಬೇಕೆಂದು ನಾಲಗೆಯ ತುದಿಗೆ ಬಂತು. ಅವಳ ಸಮಾಧಾನಕ್ಕೆ ಅದು ಒಳ್ಳೆಯ ಸುಳ್ಳೇ ಆಗುತ್ತಿತ್ತು. ಆದರೆ ಅವಳಿಗೆ ಸುಳ್ಳು ಹೇಳಿ ನನಗೆ ಸಾಕಾಗಿತ್ತು. ಹೊಸ್ತಿಲ ಮೇಲೆ ಕೂತು ಇದ್ದದ್ದನ್ನು ಹೇಳಿದೆ. ನೀರು ನಾನು ಅಂದುಕೊಂಡಷ್ಟು ತಣ್ಣಗಿರಲಿಲ್ಲ. ಮೊದಲ ಅಲೆ ಮೊಣಕಾಲಿಗೆ ಬಡಿಯಿತು. ಎರಡನೆಯದು ನನ್ನನ್ನು ಕೆಳಗೆ ಕೆಡವಿತು. ತಲೆಯ ಮೇಲಿನ ಸೆರಗು ಹಾರಿಹೋಯಿತು, ಮೂಗು ಬಾಯಿಗೆಲ್ಲ ನೀರು. ಯಾರೋ ಒಬ್ಬ ತಮಿಳು ಹೆಂಗಸು, ಕಾಸಿನಗಲ ಕುಂಕುಮದವಳು, ನನ್ನ ಬೋಳುತಲೆ ನೋಡಿದರೂ ನೋಡದಂತೆ ಕೈ ಹಿಡಿದು ಎಳೆದು ನಿಲ್ಲಿಸಿದಳು. ಬಿಡಲಿಲ್ಲ. ಅಲೆ ಬಂದಾಗಲೆಲ್ಲ ಇಬ್ಬರೂ ಕೈ ಕೈ ಹಿಡಿದು ಮೇಲಕ್ಕೆ ಹಾರಿದೆವು. ಅಲೆ ಹಿಂದಕ್ಕೆ ಹೋಗುವಾಗ ಅಂಗಾಲಿನ ಕೆಳಗಿನ ಮರಳೆಲ್ಲ ಜಾರುತ್ತದೆ, ಭೂಮಿಯೇ ಕಾಲಿನ ಕೆಳಗಿಂದ ಹೋದಂತೆ.

"ಹೆದರಿದ್ರೇನ್ರಿ?"

"ಇಲ್ಲ. ನಕ್ಕೆ," ಎಂದೆ.

"ಜೋರಾಗಿ?"

"ಜೋರಾಗೇ ನಕ್ಕೆ."

ಅವಳು ಹಿಟ್ಟಿನಿಂದ ಕೈ ತೆಗೆದು ನನ್ನ ಕಡೆ ತಿರುಗಿ ಕೂತಳು. ಆಮೇಲೆ, "ಅಲಿ ಮತ್ತ ಬರೋತನಕ ಎಷ್ಟು ಹೊತ್ತು ಆಗ್ತೈತ್ರಿ? ಮೊದಲಿಂದ ಹೇಳ್ರಿ," ಎಂದಳು.

ಹೊರಗೆ ತಮ್ಮ ಭಾವನಿಗೆ ಹೋಟೆಲಿನ ಮೂರನೆಯ ಮಹಡಿ ತೋರಿಸುತ್ತಿದ್ದ. ನಾನು ಮೊದಲಿನಿಂದ ಹೇಳಿದೆ.